ವರಂಗಲ್ಲಿನ ಮಣ್ಣಿನ ಕೋಟೆಯ ಮೇಲೆ

ವರಂಗಲ್ ಕೋಟೆ ನೋಡಿ ಬಂದವರ ಮೊಬೈಲಿನಲ್ಲಿ ನಾಲ್ಕು ಕಲ್ಲಿನ ತೋರಣಗಳು ಇದ್ದೇ ಇರುತ್ತವೆ. ನನ್ನ ಮನಸ್ಸು ಹಿಡಿದಿದ್ದು ಅವುಗಳಿಂದ ಒಂದು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಹೊರಗಿನ ಸುತ್ತಿನಲ್ಲಿರುವ ಮಣ್ಣಿನ ಕೋಟೆ. ತೋರಣಗಳ ಸುತ್ತ ಕಲ್ಲಿನ ಕೋಟೆ, ಅದರ ಸುತ್ತ ಕಂದಕ, ಕಂದಕದಾಚೆ ಬಯಲು, ಬಯಲಿನಾಚೆ ಸುಮಾರು 2.4 ಕಿಲೋಮೀಟರ್ ವ್ಯಾಸದ ಮಣ್ಣಿನ ಸುತ್ತು. 1262ರಿಂದ 1289ರವರೆಗೆ ಆಳಿದ ಕಾಕತೀಯ ರಾಣಿ ರುದ್ರಮದೇವಿ ಅದನ್ನು ಕಟ್ಟಿಸಿದಳು. ಚಿತ್ರದುರ್ಗ, ಬೀದರ, ಕಲಬುರಗಿಗಳನ್ನು ನೋಡಿ ಬೆಳೆದ ನಮಗೆ ಕೋಟೆ ಎಂದರೆ ಕಲ್ಲು. ಬರೀ ಮಣ್ಣನ್ನು ನಂಬಿ ಒಂದು ರಾಜಧಾನಿಯನ್ನು ಹೇಗೆ ಕಾದರು ಎಂಬುದನ್ನು ಕಾಲಿನಿಂದ ನಡೆದೇ ತಿಳಿಯಬೇಕೆನಿಸಿತ್ತು.

ಮೊದಲ ದಿನ: ಹನುಮಕೊಂಡ

ಸಿಕಂದರಾಬಾದಿನವರೆಗೆ ರಾತ್ರಿ ರೈಲು, ಅಲ್ಲಿಂದ ಕಾಜಿಪೇಟೆಗೆ ಎರಡು ಗಂಟೆಯ ಇನ್ನೊಂದು ರೈಲು. ಕಾಜಿಪೇಟೆ, ಹನುಮಕೊಂಡ, ವರಂಗಲ್ ಮೂರೂ ಈಗ ಒಂದಕ್ಕೊಂದು ಅಂಟಿಕೊಂಡ ಊರುಗಳು. ಉಳಿದುಕೊಳ್ಳಲು ಹನುಮಕೊಂಡವೇ ಅನುಕೂಲ. ಗೆಳೆಯನೊಬ್ಬ ಜೊತೆಗಿದ್ದ. ಅವನಿಗೆ ತೆಲುಗು ಚೆನ್ನಾಗಿ ಬರುತ್ತದೆ, ನನ್ನದು ಅರ್ಧ ತೆಲುಗು, ಅರ್ಧ ಕನ್ನಡ. ಆದರೂ ಎಲ್ಲಿಯೂ ಮಾತು ನಿಲ್ಲಲಿಲ್ಲ.

ಮಹಾಲಯ ಅಮಾವಾಸ್ಯೆ ಕಳೆದ ಮಾರನೆಯ ದಿನವದು. ತೆಲಂಗಾಣದಲ್ಲಿ ಹೂಗಳನ್ನು ಜೋಡಿಸಿ ಪೂಜಿಸುವ ಬತುಕಮ್ಮ ಹಬ್ಬ ಶುರುವಾಗಿತ್ತು. ಸಾವಿರ ಕಂಬದ ಗುಡಿಯ ಬೀದಿಯುದ್ದಕ್ಕೂ ಹೂವಿನ ರಾಶಿಗಳು: ಹಳದಿ ತಂಗಡಿ, ತುದಿ ನಸುಗೆಂಪಾಗಿ ಬುಡ ಬೆಳ್ಳಿಬಣ್ಣಕ್ಕೆ ತಿರುಗುವ ಗುನುಗು, ಚೆಂಡುಹೂವು. 1163ರಲ್ಲಿ ಕಾಕತೀಯ ದೊರೆ ರುದ್ರದೇವ ಕಟ್ಟಿಸಿದ ಈ ತ್ರಿಕೂಟದಲ್ಲಿ ಶಿವ, ವಿಷ್ಣು, ಸೂರ್ಯರಿಗೆ ಒಂದೊಂದು ಗರ್ಭಗುಡಿ. ಎದುರಿನ ಕಪ್ಪುಕಲ್ಲಿನ ನಂದಿಯ ಮೈಯಲ್ಲಿ ನಮ್ಮ ಮುಖ ಮಸುಕಾಗಿ ಕಾಣುವಷ್ಟು ನುಣುಪಿದೆ. ಬಹುಕಾಲ ಕಲ್ಲು ಕಲ್ಲಾಗಿ ಬಿಚ್ಚಿಟ್ಟಿದ್ದ ಕಲ್ಯಾಣ ಮಂಟಪ ಈಗ ಮತ್ತೆ ಎದ್ದು ನಿಂತಿದೆ. ಕಾಕತೀಯರು ಇಂಥ ಭಾರದ ಕಟ್ಟಡಗಳ ಬುನಾದಿಗೆ ಮರಳು ತುಂಬುತ್ತಿದ್ದರು. ಮಣ್ಣು, ಮರಳುಗಳ ಮೇಲೆ ಆ ಕಾಲದವರಿಗಿದ್ದ ಭರವಸೆಯನ್ನು ನಾನು ಮೊದಲು ಕಂಡದ್ದು ಇಲ್ಲಿ.

ಸಂಜೆ ಪದ್ಮಾಕ್ಷಿ ಗುಡ್ಡ ಹತ್ತಿದೆವು. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಕನ್ನಡಿಗರು ಮಾತ್ರ ಬಿಡಬಾರದು. ಬಂಡೆಯಲ್ಲಿ ಜಿನಮೂರ್ತಿಗಳನ್ನು ಕಡೆದಿದ್ದಾರೆ, ಮೊದಲು ಇದು ಬಸದಿ. ಗುಡಿಯ ಬಳಿಯ ಕಪ್ಪುಕಲ್ಲಿನ ಚೌಕ ಕಂಬದ ಮೇಲೆ 1117ರ ಶಾಸನವಿದೆ, ಅದರ ಭಾಷೆ ಕನ್ನಡ. ಕಾಕತೀಯರು ಆಗ ಕಲ್ಯಾಣದ ಚಾಲುಕ್ಯರ ಸಾಮಂತರು, ಆರನೆಯ ವಿಕ್ರಮಾದಿತ್ಯನ ಕಾಲ. ಕಾಕತೀಯ ಅರಸ ಎರಡನೆಯ ಪ್ರೋಲನ ಮಂತ್ರಿಯ ಹೆಂಡತಿ ಮೈಲಮ ಇಲ್ಲಿ ಕಡಲಾಲಯ ಬಸದಿಯನ್ನು ಕಟ್ಟಿಸಿದ ವಿಷಯ ಅದರಲ್ಲಿದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಎದ್ದು ಕಾಣುತ್ತವೆ, ಆದ್ದರಿಂದ ನಡುಮಧ್ಯಾಹ್ನ ಹೋಗುವುದು ಬೇಡ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರೆ, ಹೂವಿನ ಬುಟ್ಟಿ ಹಿಡಿದು ಬಂದ ಇಬ್ಬರು ಹುಡುಗಿಯರು ಪಕ್ಕದಲ್ಲಿ ನಿಂತು ತಾವೂ ಓದಲು ತೊಡಗಿದರು. ಕೆಲವು ಅಕ್ಷರಗಳು ಅವರಿಗೆ ಸಿಕ್ಕವು, ಕೆಲವು ನನಗೆ. ಒಂದೇ ಲಿಪಿಯಿಂದ ಕವಲೊಡೆದ ಎರಡು ಭಾಷೆಗಳವರು ಒಂದೇ ಕಲ್ಲಿನ ಮುಂದೆ ತಡಕಾಡಿದ ಆ ಹತ್ತು ನಿಮಿಷ ನನಗೆ ಬಹಳ ಹಿತವೆನಿಸಿತು.

ರಾತ್ರಿಯ ಊಟ ಸರ್ವಪಿಂಡಿ. ಅಕ್ಕಿಹಿಟ್ಟಿಗೆ ಕಡಲೆಬೇಳೆ, ಎಳ್ಳು, ಕಡಲೆಕಾಯಿ, ಹಸಿಮೆಣಸು ಕಲಸಿ, ಪಾತ್ರೆಯ ಒಳಮೈಗೇ ತಟ್ಟಿ, ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಟ್ಟು ಬೇಯಿಸುತ್ತಾರೆ. ನಮ್ಮ ಅಕ್ಕಿ ರೊಟ್ಟಿಗಿಂತ ದಪ್ಪ, ಗರಿಗರಿ, ಖಾರ. ಬಂಡಿಯ ಹಿಂದೆ ನಿಂತಿದ್ದ ಹೆಂಗಸಿಗೆ ನಾಳೆ ಎಲ್ಲಿಗೆ ಹೋಗುತ್ತೇವೆಂದು ಹೇಳಿದಾಗ, “ಮಟ್ಟಿಕೋಟಕ್ಕೆ ಏಕೆ? ಅಲ್ಲಿ ನೋಡಲು ಏನೂ ಇಲ್ಲ, ಮಣ್ಣು ಅಷ್ಟೇ” ಎಂದು ನಿಜವಾದ ಕಾಳಜಿಯಿಂದಲೇ ಹೇಳಿದರು. ಬಿಸಿಲಿಗೆ ಮೊದಲೇ ಮುಗಿಸಿ, ಅಲ್ಲಿ ನೆರಳಿಲ್ಲ, ನೀರೂ ಸಿಗುವುದಿಲ್ಲ ಎಂಬ ಎಚ್ಚರಿಕೆಯೂ ಬಂತು. ಎರಡೂ ಮಾತು ನಿಜವಾಯಿತು.

ಎರಡನೆಯ ದಿನ: ಮಣ್ಣು, ಆಮೇಲೆ ಕಲ್ಲು

ಆರು ಗಂಟೆಗೆ ಆಟೋ ಹಿಡಿದೆವು. ವರಂಗಲ್ ರೈಲು ನಿಲ್ದಾಣ ದಾಟಿ ಖಿಲಾ ವರಂಗಲ್ ಕಡೆಗೆ ತಿರುಗಿದ ಮೇಲೆ ರಸ್ತೆ ಕಿರಿದಾಗುತ್ತದೆ. ಇಲ್ಲಿನ ಬಡಾವಣೆಗಳ ಹೆಸರುಗಳೇ ಕೋಟೆಯ ನಕ್ಷೆ: ಪಡಮರ (ಪಶ್ಚಿಮ) ಕೋಟ, ಮಧ್ಯ ಕೋಟ, ತೂರ್ಪು (ಪೂರ್ವ) ಕೋಟ. ಆಟೋದವನಿಗೆ ಮಣ್ಣಿನ ಕೋಟೆಯ ದಕ್ಷಿಣ ಭಾಗಕ್ಕೆ ಬಿಡಲು ಹೇಳಿದಾಗ ಅವನು ಎರಡು ಸಲ ಕೇಳಿ ಖಚಿತಪಡಿಸಿಕೊಂಡ. ಹಿಂದಿರುಗಲು ಅಲ್ಲಿ ಆಟೋ ಸಿಗುವುದಿಲ್ಲವಾದ್ದರಿಂದ, ಮಧ್ಯಾಹ್ನ ತೋರಣಗಳ ಬಳಿ ಬರುವಂತೆ ಅವನನ್ನೇ ಒಪ್ಪಿಸಿಕೊಂಡೆವು. ಹಾಗೆ ಮಾಡಿಕೊಳ್ಳುವುದೇ ಸರಿ.

ಮೊದಲ ನೋಟಕ್ಕೆ ಅದು ಊರ ಕೆರೆಯ ಏರಿಯಂತೆ ಕಂಡಿತು. ಉದ್ದಕ್ಕೂ ಹಸಿರು ಹೊದ್ದ ದಿಬ್ಬ, ಎರಡೂ ತುದಿ ನಿಧಾನವಾಗಿ ಬಾಗುತ್ತ ಮರಗಳ ಹಿಂದೆ ಮರೆಯಾಗಿದ್ದವು. ಆದರೆ ನೀರಿರುವ ಕಡೆ ಹೊರಗಿನದು. ಕಂದಕ ಸುಮಾರು 150 ಅಡಿ ಅಗಲವಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಅಂಚಿನಲ್ಲಿ ನಿಂತು ನೋಡಿದಾಗ ಆ ಸಂಖ್ಯೆಯ ಅರ್ಥ ತಿಳಿಯಿತು. ಆಚೆ ದಡದಲ್ಲಿ ಎಮ್ಮೆ ಕಟ್ಟುತ್ತಿದ್ದವನ ಮುಖ ನನಗೆ ಗುರುತಿಸಲಾಗಲಿಲ್ಲ. ಕೆಲವೆಡೆ ಕಂದಕ ಜೊಂಡು ತುಂಬಿದ ಕೊಳ, ಕೆಲವೆಡೆ ಭತ್ತದ ಗದ್ದೆ, ಕೆಲವೆಡೆ ಕಟ್ಟಡದ ಕಸ ಸುರಿದು ಮುಚ್ಚಿಹೋಗಿದೆ.

ದನಗಳು ತುಳಿದು ಮಾಡಿದ ಕಾಲುದಾರಿಯಲ್ಲಿ ಹತ್ತಿದೆವು. ಅಗೆದ ಮಣ್ಣನ್ನು ದೂರ ಸಾಗಿಸಿಲ್ಲ. ಕಂದಕದಿಂದ ತೆಗೆದದ್ದೇ ಒಳಗಿನ ದಡದಲ್ಲಿ ಏರಿ ಕೋಟೆಯಾಗಿದೆ. ಒಂದು ಬುಟ್ಟಿ ಮಣ್ಣು ಎತ್ತಿದರೆ ಶತ್ರುವಿಗೆ ಎರಡು ಕಷ್ಟ: ಕೆಳಗೆ ಅಷ್ಟು ಆಳ, ಮೇಲೆ ಅಷ್ಟು ಎತ್ತರ. ಹೊರಮೈ ಕಡಿದಾಗಿದೆ, ಒಳಮೈ ಇಳಿಜಾರು. ಒಳಗಿನಿಂದ ಸೈನಿಕ ಓಡಿಕೊಂಡು ಹತ್ತಬಹುದು, ಹೊರಗಿನಿಂದ ಬಂದವನು ಕೈಯೂರಿ ತೆವಳಬೇಕು. ನಾನು ಎರಡೂ ಕಡೆ ಹತ್ತಿ ನೋಡಿದೆ. ಹೊರಮೈಯಲ್ಲಿ ಅರ್ಧ ದಾರಿಗೇ ಏದುಸಿರು ಬಂದಿತ್ತು.

ಒಂದು ಕಡೆ ಓಡಾಟಕ್ಕಾಗಿ ದಿಬ್ಬವನ್ನು ಸೀಳಿದ್ದಾರೆ. ಸೀಳಿದ ಗೋಡೆಯ ಮುಂದೆ ನಾನು ಬಹಳ ಹೊತ್ತು ಕುಳಿತೆ. ಮೇಲೆ ಬೇರುಗಳ ಜಾಲ, ಅದರ ಕೆಳಗೆ ಕೆಂಪು ಮೊರಂ, ಅದರೊಳಗೆ ಉಗುರಿನಷ್ಟು ದೊಡ್ಡ ಬೆಣಚುಕಲ್ಲುಗಳು, ಅಲ್ಲಲ್ಲಿ ಮಡಕೆಯ ಚೂರು. ಹಿಂದಿನ ರಾತ್ರಿಯ ಮಳೆಗೆ ಮೇಲ್ಪದರ ಮೆತ್ತಗಾಗಿದ್ದರೂ ಅದರ ಒಳಗೆ ಬೆರಳು ಇಳಿಯಲಿಲ್ಲ. ಕಡ್ಡಿಯಿಂದ ಮೆಲ್ಲನೆ ಒತ್ತಿದರೆ ಕಡ್ಡಿಯೇ ಮುರಿಯಿತು. ಮಡಕೆಯ ಚೂರುಗಳನ್ನು ಇದ್ದಲ್ಲಿಯೇ ಬಿಟ್ಟೆವು. ಹೋಗುವವರು ದಯವಿಟ್ಟು ಹಾಗೆಯೇ ಮಾಡಬೇಕು.

1310ರ ಆರಂಭದಲ್ಲಿ ಅಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲಿಕ್ ಕಾಫೂರ್ ಈ ಗೋಡೆಯ ಎದುರು ಬೀಡುಬಿಟ್ಟ. ದೆಹಲಿಯ ಆಸ್ಥಾನಕವಿ ಅಮೀರ್ ಖುಸ್ರೋ ಆ ಮುತ್ತಿಗೆಯನ್ನು ವರ್ಣಿಸುತ್ತ, ಈ ಮಣ್ಣಿನ ಗೋಡೆಗೆ ಉಕ್ಕಿನ ಈಟಿಯೂ ನಾಟುತ್ತಿರಲಿಲ್ಲ, ಕವಣೆಯಂತ್ರದ ಗುಂಡು ಬಡಿದರೆ ಮಕ್ಕಳು ಆಡುವ ಕಾಯಿಯ ಹಾಗೆ ಪುಟಿದು ಹಿಂದಿರುಗುತ್ತಿತ್ತು ಎನ್ನುತ್ತಾನೆ. ಸೋತವರನ್ನು ಹೊಗಳುವ ಅಗತ್ಯವಿಲ್ಲದ ಗೆದ್ದ ಪಕ್ಷದ ಕವಿಯ ಮಾತಿದು. ಆ ಸೀಳುಗೋಡೆಯ ಮುಂದೆ ಕುಳಿತವನಿಗೆ ಅದು ಬರೀ ಕವಿಸಮಯ ಎನಿಸುವುದಿಲ್ಲ. ಕಲ್ಲಿನ ಗೋಡೆಗೆ ದೊಡ್ಡ ಗುಂಡು ಬಡಿದರೆ ಕಲ್ಲು ಬಿರಿಯುತ್ತದೆ, ಸಂದು ಸಡಿಲವಾಗುತ್ತದೆ, ಒಂದು ಕಲ್ಲು ಕಳಚಿದರೆ ಮೇಲಿನವೂ ಜಾರುತ್ತವೆ. ದಪ್ಪನೆಯ ಮಣ್ಣಿನಲ್ಲಿ ಸಡಿಲಗೊಳ್ಳಲು ಸಂದೇ ಇಲ್ಲ, ಪೆಟ್ಟಿನ ಬಲ ಅದರ ಗಾತ್ರದಲ್ಲಿಯೇ ಅಡಗುತ್ತದೆ. ಸುತ್ತು ವರ್ತುಲಾಕಾರವಾಗಿರುವುದರಿಂದ ಹೊಡೆಯಲು ಮೂಲೆಯೂ ಸಿಗುವುದಿಲ್ಲ. ಕಡೆಗೆ ದೆಹಲಿಯ ಸೈನ್ಯ ಕಂದಕವನ್ನೇ ತುಂಬಿಸಿ, ದಾಟಿ, ಗೋಡೆ ಹತ್ತಬೇಕಾಯಿತು. ಆಗಿನ ಕಾಕತೀಯ ಅರಸ ಪ್ರತಾಪರುದ್ರ ಆನೆ, ಕುದುರೆ, ಸಂಪತ್ತು ಕೊಟ್ಟು ಸಂಧಿ ಮಾಡಿಕೊಂಡ.

ಎಂಟು ಗಂಟೆಯ ಹೊತ್ತಿಗೆ ದಿಬ್ಬದ ಮೇಲೆ ಜನ ಕಾಣಿಸಿದರು. ಹೆಂಗಸರು, ಮಕ್ಕಳು, ಕೈಯಲ್ಲಿ ಚೀಲ. ಕೋಟೆಯ ಮೈಯೆಲ್ಲ ತಂಗಡಿ ಹೂಬಿಟ್ಟಿತ್ತು, ಅವರು ಅಂದಿನ ಬತುಕಮ್ಮನಿಗೆ ಹೂ ಕೊಯ್ಯಲು ಬಂದಿದ್ದರು. ಮಾರುಕಟ್ಟೆಯಲ್ಲಿ ದುಡ್ಡಿಗೆ ಸಿಗುವ ಹೂವಿದ್ದರೂ ಇಲ್ಲಿಂದಲೇ ತರಬೇಕೆಂದು ಅತ್ತೆ ಹೇಳುತ್ತಿದ್ದರು ಎಂದು ಒಬ್ಬರು ಹೇಳಿದರು. ಅವರ ಮಗ, ಹತ್ತು ವರ್ಷದವನಿರಬೇಕು, ನನ್ನನ್ನು ದಿಬ್ಬದ ಒಂದು ತಿರುವಿಗೆ ಕರೆದುಕೊಂಡು ಹೋಗಿ, ಇದು ಬುರುಜು ಎಂದು ತೋರಿಸಿದ. ನಾನು ಗಮನಿಸದೆ ದಾಟಿಬಂದಿದ್ದ ಉಬ್ಬು ಅದು. ಕೋಟೆಗೆ 77 ಬುರುಜುಗಳಿದ್ದವು, ಒಂದೊಂದನ್ನು ಒಬ್ಬೊಬ್ಬ ನಾಯಕ ಕಾಯುತ್ತಿದ್ದ ಎಂಬುದು ಇಲ್ಲಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಹುಡುಗನ ಶಾಲೆಯ ಗೆಳೆಯರು ಆ ಬುರುಜುಗಳನ್ನು ಹಂಚಿಕೊಂಡು ಆಡುತ್ತಾರಂತೆ. ಇದು ಅವನ ಪಾಲಿನದು.

ಸುತ್ತು ಪೂರ್ತಿ ಹಾಕಿದರೆ ಏಳೂವರೆ ಕಿಲೋಮೀಟರ್ ಆಗುತ್ತದೆ. ಈಗ ಹಾಗೆ ನಡೆಯಲು ಬಿಡುವಿಲ್ಲದ ದಾರಿ ಇಲ್ಲ. ರಸ್ತೆಗಳು, ಮನೆಗಳು ದಿಬ್ಬವನ್ನು ಅಲ್ಲಲ್ಲಿ ತುಂಡರಿಸಿವೆ. ಒಂದು ಮನೆಯ ಹಿತ್ತಿಲಿನ ಗೋಡೆ ಕೋಟೆಯ ಬುಡವನ್ನೇ ಕೊರೆದು ನಿಂತಿತ್ತು. ಕಲ್ಲು ಕದ್ದರೆ ಕಳವು ಎನ್ನುತ್ತಾರೆ, ಕೆತ್ತಿದ ಕಂಬ ಒಡೆದರೆ ಊರು ಎದ್ದು ನಿಲ್ಲುತ್ತದೆ. ಟ್ರ್ಯಾಕ್ಟರಿನಲ್ಲಿ ಒಂದು ಲೋಡ್ ಮಣ್ಣು ಹೋದರೆ ಅದು ಕೋಟೆ ಹೋದ ಲೆಕ್ಕವೆಂದು ಯಾರಿಗೂ ತೋಚುವುದಿಲ್ಲ. ಇದು ನನ್ನನ್ನು ಬಹಳ ಕಾಡಿತು. ಏಳು ಶತಮಾನಗಳಿಗೂ ಹೆಚ್ಚು ಕಾಲದ ಮಳೆಗೆ ಕರಗದ್ದು ಹೀಗೆ ಲೋಡುಗಟ್ಟಲೆ ಕರಗಬಾರದು.

ಒಂಬತ್ತೂವರೆಗೆ ಮಳೆ ಬಂತು. ಮೋಡ ಕಾಣಿಸಿದ ಹತ್ತೇ ನಿಮಿಷಕ್ಕೆ ಜಡಿಮಳೆ. ನಿಲ್ಲಲು ನೆರಳಿಲ್ಲ, ಹೊರಮೈಯ ಕೆಂಪು ಮಣ್ಣು ಕ್ಷಣದಲ್ಲಿ ಜಾರುಬಂಡೆಯಾಯಿತು. ಇಳಿಯುವಾಗ ನನ್ನ ಬಲಗಾಲಿನ ಶೂವಿನ ಅಟ್ಟೆ ಅರ್ಧ ಕಿತ್ತು ಮಣ್ಣಿನಲ್ಲಿ ಉಳಿಯಿತು. ಕಂದಕದ ಗದ್ದೆಯಲ್ಲಿದ್ದ ರೈತರೊಬ್ಬರು ಗೊಬ್ಬರದ ಚೀಲ ತಲೆಗೆ ಹೊದ್ದು ಬಂದು, ತಮ್ಮ ಪಂಪ್ ಮನೆಯ ಸೂರಿನಡಿ ನಮ್ಮನ್ನು ನಿಲ್ಲಿಸಿಕೊಂಡರು. ಶೂವನ್ನು ಸೆಣಬಿನ ಹುರಿಯಿಂದ ಬಿಗಿದು ಕಟ್ಟಿಕೊಟ್ಟರು. ಆ ಗಂಟು ಊರು ಸೇರುವವರೆಗೂ ಬಿಚ್ಚಲಿಲ್ಲ.

ಮಳೆ ನಿಲ್ಲುವವರೆಗೆ ಅವರು ಕೋಟೆಯ ಬಗ್ಗೆ ಮಾತಾಡಿದರು. ಕಂದಕದ ಗದ್ದೆಗೆ ಗೊಬ್ಬರ ಕಡಿಮೆ ಸಾಕು, ದಿಬ್ಬದ ಮೇಲಿನ ಸಾರವೆಲ್ಲ ಇಲ್ಲಿಗೇ ಇಳಿಯುತ್ತದೆ ಎಂದರು. ಹಾಗಾದರೆ ಕೋಟೆ ಸವೆಯುತ್ತಿದೆಯಲ್ಲವೇ ಎಂದು ಕೇಳಿದೆ. ಅವರು ಮಳೆಯಲ್ಲಿ ತೊಯ್ಯುತ್ತಿದ್ದ ದಿಬ್ಬದ ಕಡೆ ಕೈ ತೋರಿಸಿದರು. ಪೊದೆಯಿರುವ ಕಡೆಯಿಂದ ಹರಿದುಬರುತ್ತಿದ್ದ ನೀರು ತಿಳಿಯಾಗಿತ್ತು, ಜೆಸಿಬಿ ಕೆರೆದ ಜಾಗದಿಂದ ಬರುತ್ತಿದ್ದದ್ದು ರಕ್ತಗೆಂಪು. ಬೇರೆ ಉತ್ತರ ಬೇಕಿರಲಿಲ್ಲ.

ಹನ್ನೊಂದಕ್ಕೆ ಒಳಕ್ಕೆ ಹೊರಟೆವು. ಮಣ್ಣಿನ ಕೋಟೆಯಿಂದ ಕಲ್ಲಿನ ಕೋಟೆಗೆ ಬರುವ ನಡುವಿನ ಬಯಲು ಹೊಲ, ಹಟ್ಟಿ, ಮನೆಗಳು. ಕಲ್ಲಿನ ಕೋಟೆ ಸುಮಾರು 1.2 ಕಿಲೋಮೀಟರ್ ವ್ಯಾಸದ್ದು. ರುದ್ರಮದೇವಿಯ ತಂದೆ ಗಣಪತಿದೇವ ಅದನ್ನು ಕಟ್ಟಿಸಿದ, ಅವಳು ಇಪ್ಪತ್ತು ಅಡಿಗೆ ಎತ್ತರಿಸಿದಳು. ಗಾರೆಯಿಲ್ಲದೆ ಜೋಡಿಸಿದ ಗ್ರಾನೈಟ್ ಚಪ್ಪಡಿಗಳು. ಹೆಬ್ಬಾಗಿಲಿನಲ್ಲಿ ನೇರ ದಾರಿಯಿಲ್ಲ, ಒಮ್ಮೆ ಹೊರಳಿ ಮತ್ತೆ ಹೊರಳಬೇಕು. ಈಗ ಅದರೊಳಗೇ ಶಾಲೆಯ ಬಸ್ಸು, ಹಾಲಿನ ವ್ಯಾನು ಹಾದುಹೋಗುತ್ತವೆ. ತಿರುವಿನಲ್ಲಿ ಚಾಲಕರು ಹಾರ್ನ್ ಹೊಡೆದು ನಿಂತು, ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ. ಆನೆಯ ಓಟವನ್ನು ಮುರಿಯಲು ಮಾಡಿದ ತಿರುವು ಇಂದಿಗೂ ತನ್ನ ಕೆಲಸ ಮಾಡುತ್ತಿದೆ.

ಒಳಗೆ ಬಂದು ಆ ಗೋಡೆಯನ್ನು ಹಿಂದಿರುಗಿ ನೋಡಿದೆ. ಕಲ್ಲು ಹೊರಮೈಗೆ ಮಾತ್ರ. ಅದರ ಬೆನ್ನಿಗೆ ಮತ್ತೆ ಮಣ್ಣಿನ ದಿಬ್ಬ, ಸೈನಿಕರು ಹತ್ತಲು ಕಲ್ಲಿನ ಮೆಟ್ಟಿಲುಗಳು. ಕಲ್ಲಿನ ಕೋಟೆಯನ್ನೂ ಹಿಡಿದು ನಿಲ್ಲಿಸಿರುವುದು ಮಣ್ಣೇ.

ತೋರಣಗಳು ಇರುವುದು ನೆಲಸಮವಾದ ಸ್ವಯಂಭೂ ಶಿವಾಲಯದ ನಾಲ್ಕು ದಿಕ್ಕಿನಲ್ಲಿ. ಅವು ಸುಂದರವಾಗಿವೆ ಎನ್ನುವುದಕ್ಕಿಂತ ನನ್ನನ್ನು ತಟ್ಟಿದ್ದು ಅವುಗಳ ನಡುವಿನ ಖಾಲಿ ಜಾಗ. ಸುತ್ತ ಸಾಲಾಗಿ ಇಟ್ಟಿರುವ ಕಂಬ, ಹಂಸಗಳ ಸಾಲು, ಒಡೆದ ನಂದಿಗಳು ಆ ಜಾಗದ ಗಾತ್ರವನ್ನು ಹೇಳುತ್ತವೆ. 1323ರಲ್ಲಿ ಉಲುಘ್ ಖಾನ್, ಅಂದರೆ ಮುಂದೆ ಮುಹಮ್ಮದ್ ಬಿನ್ ತುಘಲಕ್ ಆದವನು, ಕೋಟೆಯನ್ನು ಗೆದ್ದ. ಸೆರೆಯಾದ ಪ್ರತಾಪರುದ್ರ ದೆಹಲಿಯ ದಾರಿಯಲ್ಲಿ ನರ್ಮದೆಯ ತೀರದಲ್ಲಿ ತೀರಿಕೊಂಡ, ಊರಿನ ಹೆಸರು ಸುಲ್ತಾನ್‌ಪುರವಾಯಿತು. ಹತ್ತಿರದಲ್ಲಿಯೇ ಇರುವ, ಓರೆಗೋಡೆಗಳ ಖುಷ್ ಮಹಲಿನ ಒಳಗೆ ಮಳೆಯ ನಂತರದ ತಂಪು ತುಂಬಿತ್ತು. ಎತ್ತರದ ಕಮಾನುಗಳ ಕೆಳಗೆ ಕುಳಿತು ಬುತ್ತಿ ಬಿಚ್ಚುವ ಆಸೆಯಾಯಿತು, ಕಾವಲುಗಾರರು ಬೇಡವೆಂದರು. ಹೊರಗಿನ ಅಂಗಡಿಯ ಬೆಂಚಿನಲ್ಲಿ ಜೋಳದ ರೊಟ್ಟಿ, ಗೋಂಗೂರ ಪಚ್ಚಡಿ ತಿಂದೆವು.

ಸಂಜೆ ಏಕಶಿಲಾ ಗುಡ್ಡ. ಒಂದೇ ಬಂಡೆ, ತುದಿಗೆ ಹೋಗಲು ಮೆಟ್ಟಿಲುಗಳಿವೆ, ಪಕ್ಕದಲ್ಲಿ ಕೆರೆ. ಬೆಳಿಗ್ಗೆ ಕಾಲಿಗೆ ಸಿಕ್ಕಿದ್ದು ಇಲ್ಲಿ ಕಣ್ಣಿಗೆ ಸಿಕ್ಕಿತು. ಮನೆಗಳ ತಾರಸಿಗಳ ನಡುವೆ ಮೊದಲು ಕಲ್ಲಿನ ಕೋಟೆಯ ಬಳೆ, ಅದರಾಚೆ, ಗೊತ್ತಿದ್ದವರಿಗೆ ಮಾತ್ರ ಕಾಣುವಂತೆ, ಕಡುಹಸಿರಿನ ಇನ್ನೊಂದು ಬಳೆ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗರಿಗೆ ತೋರಿಸಿದೆ. ಒಬ್ಬನ ಮನೆ ಆ ದಿಬ್ಬದ ಬುಡದಲ್ಲಿಯೇ ಇತ್ತು. ಅದು ತಿರುಗಿ ಬಂದು ಸೇರುವ ಸುತ್ತು ಎಂದು ಅವನಿಗೆ ಹೊಳೆದಿರಲಿಲ್ಲ. ಬೆರಳಿನಿಂದ ಪೂರ್ತಿ ವರ್ತುಲವನ್ನು ಗಾಳಿಯಲ್ಲಿ ಎಳೆದು, ತನ್ನ ಮನೆಯ ಬಳಿ ನಿಲ್ಲಿಸಿ, ಗೆಳೆಯರಿಗೆ ತೋರಿಸತೊಡಗಿದ.

ಮೂರನೆಯ ದಿನ: ರಾಮಪ್ಪ ಕೆರೆಯ ಏರಿ

ಎಲ್ಲರೂ ರಾಮಪ್ಪ ಗುಡಿಗೆ ಹೋಗುತ್ತಾರೆ, ನಾವೂ ಹೋದೆವು. ಹನುಮಕೊಂಡದಿಂದ ಮುಲುಗು ದಾರಿಯ ಬಸ್ಸಿನಲ್ಲಿ ಜಂಗಾಲಪಲ್ಲಿ ಕ್ರಾಸಿಗೆ, ಅಲ್ಲಿಂದ ಆಟೋದಲ್ಲಿ ಪಾಲಂಪೇಟೆಗೆ. ದಾರಿಯುದ್ದಕ್ಕೂ ಭತ್ತ, ಹತ್ತಿ, ಮೆಣಸಿನ ಹೊಲ, ತಾಳೆಮರಗಳು. ಗಣಪತಿದೇವನ ದಂಡನಾಯಕ ರೇಚರ್ಲ ರುದ್ರ 1213ರಲ್ಲಿ ಕಟ್ಟಿಸಿದ ಗುಡಿಗೆ 2021ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿದೆ. ಕಪ್ಪುಕಲ್ಲಿನ ಮದನಿಕೆಯರು, ನೀರಿನಲ್ಲಿ ತೇಲುವಷ್ಟು ಹಗುರವಾದ ಇಟ್ಟಿಗೆಯ ಶಿಖರ, ಇವುಗಳ ಬಗ್ಗೆ ಬರೆದವರು ಬಹಳ ಮಂದಿ. ನಾನು ಬಂದದ್ದು ಒಂದು ಕಿಲೋಮೀಟರ್ ಆಚೆಗಿನ ಕೆರೆಗೆ.

ಗುಡ್ಡಗಳ ನಡುವೆ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಗುಡಿ ಕಟ್ಟಿಸಿದವರದೇ ಕೆರೆ, ಅದೇ ಕಾಲದ್ದು. ಪಾಖಾಲ, ಲಕ್ನವರಂ ಕೆರೆಗಳೂ ಕಾಕತೀಯರವೇ. ಏರಿಯ ಮೇಲೆ ನಡೆಯುವಾಗ ಹಿಂದಿನ ದಿನದ ಕೋಟೆ ಪಾದಕ್ಕೆ ಮತ್ತೆ ಸಿಕ್ಕಿತು. ಮಣ್ಣನ್ನು ಎಷ್ಟು ಇಳಿಜಾರಿಗೆ ಬಿಟ್ಟರೆ ಜಾರದೆ ನಿಲ್ಲುತ್ತದೆ, ಹೇಗೆ ತುಳಿದರೆ ಗಟ್ಟಿಯಾಗುತ್ತದೆ ಎಂಬುದು ಗೊತ್ತಿದ್ದ ಜನ ಇದ್ದ ನಾಡಿನಲ್ಲಿ ಮಾತ್ರ ಒಬ್ಬ ರಾಣಿ ರಾಜಧಾನಿಯ ರಕ್ಷಣೆಯನ್ನು ಮಣ್ಣಿಗೆ ಒಪ್ಪಿಸಬಲ್ಲಳು. ಕೆರೆ ಕಟ್ಟಿದ ಕೈಗಳ ವಿದ್ಯೆಯೇ ಕೋಟೆಯನ್ನೂ ಕಟ್ಟಿದೆ. ಶಾಸನಗಳಲ್ಲಿ ಹೆಸರಿರುವುದು ಕಟ್ಟಿಸಿದವರದು. ಬುಟ್ಟಿ ಹೊತ್ತವರ ಹೆಸರು ಎಲ್ಲಿಯೂ ಇಲ್ಲ.

ಏರಿಯ ಮೇಲೆ ಒಬ್ಬ ಹಿರಿಯರು ಕುಡುಗೋಲು ಹಿಡಿದು ಗಿಡ ಕಡಿಯುತ್ತಿದ್ದರು. ಕೆಳಗೆ ಅವರ ಗದ್ದೆ, ಈ ಕೆರೆಯ ನೀರೇ. ನಿನ್ನೆಯ ರೈತರು ಗಿಡವಿದ್ದರೆ ಕೋಟೆ ಉಳಿಯುತ್ತದೆ ಎಂದು ತೋರಿಸಿದ್ದರಲ್ಲ, ನೀವೇಕೆ ಕಡಿಯುತ್ತಿದ್ದೀರಿ ಎಂದು ಕೇಳಿದೆ. ಅವರು ಕೆಲಸ ನಿಲ್ಲಿಸಿ, ಬೆವರು ಒರೆಸಿಕೊಂಡು, ನಿಧಾನವಾಗಿ ತಿಳಿಸಿದರು. ಹುಲ್ಲು, ಸಣ್ಣ ಪೊದೆ ಇರಲಿ, ಅವು ಮೇಲಿನ ಮಣ್ಣು ಹಿಡಿಯುತ್ತವೆ. ಮರವಾಗಲು ಬಿಡಬಾರದು. ಮರ ಸತ್ತರೆ ಒಳಗಿನ ಬೇರು ಕೊಳೆತು ಕೊಳವೆಯಾಗುತ್ತದೆ, ಕೆರೆಯ ನೀರು ಆ ದಾರಿ ಹಿಡಿದರೆ ಮೊದಲು ಬೆರಳಿನಷ್ಟು ಹರಿಯುತ್ತದೆ, ಆಮೇಲೆ ಏರಿಯನ್ನೇ ಒಯ್ಯುತ್ತದೆ. ಕೋಟೆಗೆ ಹಗಲಿರುಳು ಒತ್ತುವ ನೀರಿಲ್ಲವಲ್ಲ, ಅದಕ್ಕೆ ಆ ಭಯವಿಲ್ಲ ಎಂದರು. ಆಮೇಲೆ ತಾವು ಆಗಷ್ಟೇ ಬುಡಸಮೇತ ಕಿತ್ತಿದ್ದ ಬೇವಿನ ಸಸಿಯ ಗುಂಡಿಗೆ ಕೆಳಗಿನಿಂದ ತಂದ ಜೇಡಿಮಣ್ಣು ಸುರಿದು, ಹಿಮ್ಮಡಿಯಿಂದ ತುಳಿಯತೊಡಗಿದರು. ಇನ್ನೊಂದು ಬುಟ್ಟಿ ಬೇಕೆಂದು ಕಂಡು, ಗೆಳೆಯನೂ ನಾನೂ ಕೆಳಗಿಳಿದು ತಂದುಕೊಟ್ಟೆವು.